ಅಳಿಸಿದ ಮುಖ: ಇದ್ದಿಲು, ಪೆನ್ಸಿಲ್ ಮತ್ತು ಮಲೆನಾಡಿನ ಒಬ್ಬ ಕಲಾವಿದೆಯ ಪ್ರಕರಣ

ಈ ಪ್ರಕರಣದಲ್ಲಿ ನಾನು ಮೂರು ಸಲಹೆ ಕೊಟ್ಟೆ. ಎರಡು ಪೂರ್ತಿ ತಪ್ಪಾದವು, ಒಂದು ಅರ್ಧ ತಪ್ಪಾಯಿತು. ಅದಕ್ಕೇ ಬರೆದಿಡಬೇಕು ಅನ್ನಿಸಿತು. ಚಿತ್ರ ಕಲಿಸುವ ನಮ್ಮಂಥವರು ಗೋಡೆಗೆ ಏರಿದ ಚಿತ್ರಗಳ ಕತೆಯನ್ನೇ ಹೇಳುತ್ತೇವೆ. ಒಲೆಗೆ ಹೋದ ಹಾಳೆಗಳ ಕತೆ ಯಾರೂ ಹೇಳುವುದಿಲ್ಲ.

ನಾನು ಶಿವಮೊಗ್ಗದಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಕಲಾವಿದೆ ನನ್ನ ಹಳೇ ವಿದ್ಯಾರ್ಥಿನಿ. ಹಾಗಾಗಿ ಬರೆಯುವಾಗ ಏಕವಚನ ಬಂದುಬಿಡುತ್ತದೆ. ಅವಳಿಗೆ ಬೇಜಾರಿಲ್ಲ, ಕೇಳಿಕೊಂಡಿದ್ದೇನೆ. ಹೆಸರು ಬೇಡ. ಊರು ಸಾಗರಕ್ಕೂ ಹೊಸನಗರಕ್ಕೂ ನಡುವೆ ಎಲ್ಲೋ ಅಂತ ಇಟ್ಟುಕೊಳ್ಳಿ. ಕತೆಯಲ್ಲಿ ಬರುವ ಇನ್ನೊಬ್ಬರನ್ನು 'ಅಕ್ಕ' ಅನ್ನುತ್ತೇನೆ, ಕಲಾವಿದೆ ಅವರನ್ನು ಕರೆಯುವುದೂ ಹಾಗೇ. ಅಕ್ಕನ ಮನೆಯಲ್ಲಿ ಏನಾಗಿತ್ತು ಅನ್ನುವುದನ್ನು ಬರೆಯುವುದಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ಸಣ್ಣ ವಿವರ ಬದಲಾಯಿಸಿದ್ದೇನೆ.

ಅವಳಿಗೆ ಈಗ ನಲವತ್ತರ ಹತ್ತಿರ. ಡಿಪ್ಲೊಮಾ ಮುಗಿಸಿ ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಾಳೆ. ಸಂಬಳ ಸಣ್ಣದು. ಅದು ಸಾಲದೆ ಫೋಟೋ ನೋಡಿ ಪೆನ್ಸಿಲಿನಲ್ಲಿ ಭಾವಚಿತ್ರ ಬರೆದುಕೊಡುತ್ತಾಳೆ. ಮದುವೆ ಜೋಡಿ, ಮಗುವಿನ ಮೊದಲ ಹುಟ್ಟುಹಬ್ಬ, ಎಲ್ಲಕ್ಕಿಂತ ಜಾಸ್ತಿ ತೀರಿಹೋದ ಅಪ್ಪ ಅಮ್ಮಂದಿರು. ಆಧಾರ್ ಕಾರ್ಡಿನ ಮಸುಕು ಫೋಟೋ ಕೊಟ್ಟು, "ಸ್ವಲ್ಪ ನಗೋ ಥರ ಮಾಡಿ ಮೇಡಂ" ಅನ್ನುತ್ತಾರೆ. ಮಾಡಿಕೊಡುತ್ತಾಳೆ. 2ಎಚ್‌ನಲ್ಲಿ ಶುರು ಮಾಡಿ 8ಬಿ ತನಕ, ಪದರದ ಮೇಲೆ ಪದರ. ಹುಬ್ಬಿನ ಕೂದಲು ಎಣಿಸಬಹುದು.

ಪೆನ್ಸಿಲ್ ಒಳಗಿನ ಸೀಸ ಸೀಸವಲ್ಲ ಅಂತ ಪ್ರತಿ ವರ್ಷ ಮಕ್ಕಳಿಗೆ ಹೇಳಬೇಕಾಗುತ್ತಿತ್ತು. ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ ಸುಟ್ಟ ಕಡ್ಡಿ ಅದು. 1795ರಲ್ಲಿ ಫ್ರಾನ್ಸಿನ ಕಾಂಟೆ ಎಂಬಾತ ಕಂಡುಕೊಂಡ ದಾರಿ. ಮಣ್ಣು ಜಾಸ್ತಿ ಇದ್ದರೆ ಕಡ್ಡಿ ಗಟ್ಟಿ, ಗೆರೆ ತಿಳಿ, ಅದು ಎಚ್. ಗ್ರಾಫೈಟ್ ಜಾಸ್ತಿ ಇದ್ದರೆ ಮೆತ್ತಗೆ, ಗೆರೆ ಕಪ್ಪು, ಅದು ಬಿ. ಆದರೆ ಗ್ರಾಫೈಟಿಗೆ ಒಂದು ರೋಗ ಇದೆ, ಹೊಳಪು. ಗಾಢವಾಗಿ ಬರೆದ ಜಾಗ ಓರೆಯಾಗಿ ನೋಡಿದರೆ ಬೆಳ್ಳಿಯ ಹಾಗೆ ಮಿನುಗುತ್ತದೆ, ಕಪ್ಪು ಕಪ್ಪಾಗಿ ಉಳಿಯುವುದಿಲ್ಲ. ಮೂವತ್ತು ವರ್ಷವೂ ನಾನು ಅದನ್ನು ದೋಷ ಅಂತಲೇ ಕಲಿಸಿದೆ. ಈ ಮಾತು ನೆನಪಿಟ್ಟುಕೊಳ್ಳಿ.

ಅವಳಿಗೆ ಬರೆಯಬೇಕಿದ್ದದ್ದು ಭಾವಚಿತ್ರವಲ್ಲ. ನಮ್ಮ ಕಡೆ ಅಡಿಕೆ ಕೊಯ್ಲು ಶುರುವಾಯಿತೆಂದರೆ ಸಂಜೆಯ ಮೇಲೆ ಸುಲಿಯುವ ಕೆಲಸ. ಅಂಗಳದ ಚಪ್ಪರದಡಿ ಬಲ್ಬ್ ಹಾಕಿ, ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಹೆಂಗಸರು ಕೂರುತ್ತಾರೆ. ಹಸಿ ಅಡಿಕೆಯ ಕರೆ ಹತ್ತಿ ಬೆರಳೆಲ್ಲ ಕಪ್ಪು. ಕೈ ಓಡುತ್ತಿರುತ್ತದೆ, ಬಾಯಿಯೂ ಓಡುತ್ತಿರುತ್ತದೆ. ಊರ ಸುದ್ದಿ, ಸೀರಿಯಲ್ಲು, ಯಾರ ಮನೆಯ ಮದುವೆಗೆ ಎಷ್ಟು ಖರ್ಚಾಯಿತು, ಮತ್ತೆ ನಗು. ಅವಳು ಚಿಕ್ಕಂದಿನಿಂದ ಆ ಸಾಲಿನಲ್ಲಿ ಕೂತು ಬೆಳೆದವಳು.

"ಸರ್, ಆ ಸಾಲಲ್ಲಿ ಒಬ್ಬೊಬ್ಬರದ್ದೂ ನಂಗೆ ಗೊತ್ತು," ಅಂದಿದ್ದಳು. "ಮನೇಲಿ ಏಟು ತಿಂದು ಬಂದವಳೂ ನಗ್ತಾಳೆ. ಮಗ ಫೋನ್ ಮಾಡದೆ ವರ್ಷ ಆದವಳೂ ನಗ್ತಾಳೆ. ಕೈ ಮಾತ್ರ ಒಂದೊಂದು ಸಲ ಸುಮ್ನೆ ನಿಂತುಬಿಡುತ್ತೆ. ಕತ್ತಿ ಮೇಲೆ ಅಡಿಕೆ ಇಟ್ಟುಕೊಂಡು ಹಾಗೇ. ಅದನ್ನ ಬರೀಬೇಕು ನಾನು."

ಎಲ್ಲವೂ ಈ ಮಾತಿನಲ್ಲೇ ಇತ್ತು. ಆಗ ಅದನ್ನು ನಾನೂ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ, ಹೇಳಿದ ಅವಳೂ ಕೇಳಿಸಿಕೊಳ್ಳಲಿಲ್ಲ.

ಮೊದಲ ಹನ್ನೊಂದು ಮುಖಗಳು

ಅವಳು ತನಗೆ ಅಭ್ಯಾಸವಿದ್ದ ದಾರಿಯನ್ನೇ ಹಿಡಿದಳು. ಸುಲಿಯುವವರ ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡಳು. ಮನೆಗೆ ಬಂದು ಆ ಮುಖಗಳನ್ನು ಬರೆದಳು, ಆದರೆ ನಗು ತೆಗೆದು ತಾನು ಊಹಿಸಿದ ದುಃಖವನ್ನು ಅಲ್ಲಿಟ್ಟಳು. ಗಂಟು ಹುಬ್ಬು, ಒದ್ದೆ ಕಣ್ಣು, ಬಿಗಿದ ತುಟಿ. ಒಂದು ಚಿತ್ರದಲ್ಲಿ ಕೆನ್ನೆಯ ಮೇಲೆ ನಿಂತ ಹನಿಯೊಳಗೆ ಬಲ್ಬಿನ ಬೆಳಕು ಕೂಡ ಕಾಣುತ್ತಿತ್ತು. ಕೈಚಳಕಕ್ಕೆ ನೂರಕ್ಕೆ ನೂರು. ಹನ್ನೊಂದು ಚಿತ್ರ ಆದ ಮೇಲೆ ಶಿವಮೊಗ್ಗದ ಒಂದು ಸಣ್ಣ ಹಾಲ್‌ನಲ್ಲಿ ಮೂರು ದಿನ ಪ್ರದರ್ಶನ ಇಟ್ಟೆವು. ಅದು ಫೆಬ್ರವರಿ.

ಬಂದವರೆಲ್ಲ ಹೇಳಿದ್ದು ಒಂದೇ. "ಫೋಟೋ ಥರಾನೇ ಇದೆ!" ಕೆಲವರು ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡರು, ಅಳುವ ಮುಖದ ಪಕ್ಕ ಹಲ್ಲು ಬಿಟ್ಟ ಮುಖ. ಇಬ್ಬರು ತಮ್ಮ ಅಪ್ಪನ ಚಿತ್ರಕ್ಕೆ ಎಷ್ಟಾಗುತ್ತೆ ಅಂತ ವಿಚಾರಿಸಿ ನಂಬರ್ ತೆಗೆದುಕೊಂಡು ಹೋದರು.

ಎರಡನೇ ದಿನ ಮಧ್ಯಾಹ್ನ ಅಕ್ಕ ಬಂದರು. ಏನೋ ಆಸ್ಪತ್ರೆ ಕೆಲಸಕ್ಕೆ ಶಿವಮೊಗ್ಗಕ್ಕೆ ಬಂದವರು, 'ನಮ್ಮ ಹುಡುಗಿದು' ಅಂತ ಹುಡುಕಿಕೊಂಡು ಬಂದಿದ್ದರು. ಏಳನೇ ಚಿತ್ರದ ಎದುರು ನಿಂತರು. ಕಣ್ಣೀರಿನ ಹನಿ ಇದ್ದದ್ದು ಅದರಲ್ಲೇ. ಬಹಳ ಹೊತ್ತು ನೋಡಿದರು. ಬೈಯಲಿಲ್ಲ. ಸಣ್ಣ ದನಿಯಲ್ಲಿ, "ನಾನು ಯಾರೆದುರಿಗೂ ಅತ್ತವಳಲ್ಲ ಮಾರಾಯ್ತಿ. ನೀನ್ಯಾಕೆ ನನ್ನ ಅಳಿಸಿದ್ದು?" ಅಂದರು. ಆಮೇಲೆ ಬಸ್ಸಿಗೆ ಹೊತ್ತಾಯಿತು ಅಂತ ಹೊರಟರು.

ಫೋಟೋ ತೆಗೆಯುವಾಗ ಇವಳು ಹೇಳಿ ತೆಗೆದಿದ್ದಳು, ನಿಜ. ಆದರೆ ಅದರಿಂದ ಚಿತ್ರ ಮಾಡುತ್ತೇನೆ, ಹಾಲ್‌ನಲ್ಲಿ ತೂಗುಹಾಕುತ್ತೇನೆ ಅಂತ ಹೇಳಿರಲಿಲ್ಲ. ಹಳ್ಳಿಯಲ್ಲಿ ಫೋಟೋಗೆ 'ಹ್ಞೂಂ' ಅನ್ನುವುದು ಬೇರೆ, ಇದು ಬೇರೆ.

ಅವತ್ತು ಸಂಜೆಯೇ ಅವಳು ಆ ಚಿತ್ರ ಇಳಿಸಿದಳು. ನಾನು ತಡೆದೆ. ಇದು ನನ್ನ ಮೊದಲ ತಪ್ಪು ಸಲಹೆ. "ಮುಖ ಅವರದ್ದಿರಬಹುದು, ಚಿತ್ರ ನಿನ್ನದು. ನೋಡಿದವರಿಗೆ ಚುಚ್ಚಿತು ಅಂದರೆ ಚಿತ್ರ ಗೆದ್ದ ಹಾಗೆ," ಅಂತ ದೊಡ್ಡ ಮಾತಾಡಿದೆ. ಅವಳು ಉತ್ತರ ಕೊಡಲಿಲ್ಲ. ಮೊಳೆ ಹಾಗೇ ಉಳಿಯಿತು, ಮೂರನೇ ದಿನ ಗೋಡೆಯಲ್ಲಿ ಒಂದು ಖಾಲಿ ಜಾಗ. ಆಮೇಲೆ ಎರಡು ತಿಂಗಳು ಅವಳು ಆರ್ಡರ್ ಚಿತ್ರ ಬಿಟ್ಟು ಬೇರೇನೂ ಬರೆಯಲಿಲ್ಲ.

ಈಗ ಯೋಚಿಸಿದರೆ ಅಕ್ಕ ಕೊಟ್ಟದ್ದು ದೂರು ಅಷ್ಟೇ ಅಲ್ಲ, ಸರಿಯಾದ ವಿಮರ್ಶೆ ಕೂಡ. ಮುಚ್ಚಿಟ್ಟ ಭಾವನೆ ಬರೆಯಬೇಕು ಅಂತ ಹೊರಟು ಇವಳು ಅದನ್ನು ಬಯಲಿಗೆ ತಂದು ನಿಲ್ಲಿಸಿದ್ದಳು. ಕಣ್ಣೀರು ಹಾಕಿದ ಮೇಲೆ ಮುಚ್ಚಿಟ್ಟದ್ದು ಅಂತ ಏನು ಉಳಿಯಿತು, ಅಲ್ವಾ?

ಬಚ್ಚಲ ಒಲೆಯ ಇದ್ದಿಲು

ಏಪ್ರಿಲ್‌ನಲ್ಲಿ ನಾನು ಎರಡನೇ ಸಲಹೆ ಕೊಟ್ಟೆ, ಅರ್ಧ ತಪ್ಪಾದದ್ದು. ಪೆನ್ಸಿಲ್ ಬಿಡು, ಇದ್ದಿಲು ಹಿಡಿ ಅಂದೆ. ಪೆನ್ಸಿಲಿನ ಮೊನೆ ಇವಳನ್ನು ವಿವರಕ್ಕೆ ಎಳೆಯುತ್ತದೆ, ಇದ್ದಿಲಾದರೆ ಭುಜದಿಂದ ಬರೆಯಬೇಕು, ವಿವರ ತಾನಾಗಿಯೇ ಉದುರುತ್ತದೆ ಅನ್ನುವುದು ನನ್ನ ಲೆಕ್ಕ.

ಅಂಗಡಿಯ ಒಳ್ಳೆ ಚಾರ್ಕೋಲ್ ಕಡ್ಡಿ ವಿಲ್ಲೋ ಮರದ್ದು, ಇಲ್ಲವೆಂದರೆ ದ್ರಾಕ್ಷಿ ಬಳ್ಳಿಯದು. ದುಬಾರಿ. ಕೊರಿಯರ್‌ನಲ್ಲಿ ಬಂದು ಮುಟ್ಟುವಾಗ ಅರ್ಧ ಮುರಿದಿತ್ತು. ಬಚ್ಚಲಲ್ಲಿ ದಿನಾ ಒಲೆ ಉರಿಯುವ ಮನೆಯವಳು ಇದಕ್ಕೆ ದುಡ್ಡು ಸುರಿಯುವುದೇ ಅಂತ ಅವಳೇ ಮಾಡತೊಡಗಿದಳು. ಬೆರಳು ಗಾತ್ರದ ಕಡ್ಡಿ ಕಡಿದು, ಸಿಪ್ಪೆ ಸುಲಿದು, ಒಣಗಿಸಿ, ಬಿಸ್ಕತ್ ಡಬ್ಬಿಯಲ್ಲಿ ಒತ್ತೊತ್ತಾಗಿ ತುಂಬುವುದು. ಮುಚ್ಚಳಕ್ಕೆ ತಂತಿ ಬಿಗಿದು, ಮೊಳೆಯಲ್ಲಿ ಒಂದೇ ಒಂದು ತೂತು. ಉರಿಗೆ ಇಟ್ಟರೆ ಮೊದಲು ತೂತಿನಿಂದ ಆವಿ, ಆಮೇಲೆ ದಟ್ಟ ಹೊಗೆ. ಹೊಗೆ ನಿಂತಾಗ ಹೊರಗೆ ತೆಗೆಯುವುದು. ಪೂರ್ತಿ ತಣ್ಣಗಾಗುವ ತನಕ ಮುಚ್ಚಳ ಮುಟ್ಟಬಾರದು. ಬಿಸಿಯಲ್ಲಿ ತೆಗೆದರೆ ಗಾಳಿ ಹೊಕ್ಕು ಒಳಗಿನದೆಲ್ಲ ಬೂದಿ. ಎರಡು ಡಬ್ಬಿ ಹಾಗೇ ಹೋದವು. ಬಿದಿರಿನದು ಗಟ್ಟಿಯಾಗಿ ಹಾಳೆಯನ್ನು ಗೀಚಿತು. ಲಕ್ಕಿ ಗಿಡದ ಕಡ್ಡಿ ಚೆನ್ನಾಗಿ ಬಂತು, ಮೆತ್ತಗೆ, ಒಂದೇ ಸಮನೆ ಕಪ್ಪು.

ಬಣ್ಣ ಯಾಕಿಲ್ಲ ಅಂತ ಕೇಳುವವರು ಇದ್ದೇ ಇರುತ್ತಾರೆ. ನಮ್ಮ ಮಲೆನಾಡಿನಲ್ಲಿ ಗೋಡೆಗೆ ಬರೆಯುವ ಹಸೆ ಚಿತ್ತಾರದಲ್ಲೂ ಬಣ್ಣ ನಾಲ್ಕೇ: ಕೆಮ್ಮಣ್ಣಿನ ಕೆಂಪು, ಅಕ್ಕಿ ಹಿಟ್ಟಿನ ಬಿಳಿ, ಗುರಿಗೆ ಬೀಜದ ಹಳದಿ, ಅಕ್ಕಿಯನ್ನು ಕರಕಲಾಗುವ ತನಕ ಹುರಿದು ಮಾಡಿದ ಕಪ್ಪು. ಸುಟ್ಟು ಕಪ್ಪು ಮಾಡಿಕೊಳ್ಳುವುದು ಇಲ್ಲಿ ಹೊಸದೇನಲ್ಲ.

ಇದ್ದಿಲು ಕೈಗೆ ಬಂತು, ಆದರೆ ಚಿತ್ರ ಬರಲಿಲ್ಲ. ನಾನು ಅವಳಿಗೆ ಜರ್ಮನಿಯ ಕೇಟೆ ಕೋಲ್ವಿಟ್ಸ್ ಅವರ ಕೆಲಸ ತೋರಿಸಿದ್ದೆ. 1867ರಿಂದ 1945ರ ತನಕ ಬದುಕಿದ ಕಲಾವಿದೆ, 1914ರಲ್ಲಿ ಯುದ್ಧದಲ್ಲಿ ಮಗನನ್ನು ಕಳೆದುಕೊಂಡವರು. ಇದ್ದಿಲಿನಲ್ಲಿ ತಾಯಂದಿರ ದುಃಖ ಬರೆದದ್ದರಲ್ಲಿ ಅವರನ್ನು ಮೀರಿಸಿದವರು ಕಡಿಮೆ. 1943ರ ಬಂಗಾಳದ ಬರಗಾಲದಲ್ಲಿ ಊರೂರು ತಿರುಗಿ ಚಿತ್ತಪ್ರಸಾದ್ ಮಾಡಿದ ಕಪ್ಪು ಬಿಳುಪು ಚಿತ್ರಗಳನ್ನೂ ತೋರಿಸಿದೆ. ಪರಿಣಾಮ ಏನಾಯಿತೆಂದರೆ, ಒಂದು ತಿಂಗಳು ಅವಳ ಹಾಳೆಯಲ್ಲಿ ಕೋಲ್ವಿಟ್ಸ್ ಹೆಂಗಸರು ಮಲೆನಾಡ ಸೀರೆ ಉಟ್ಟು ಕೂತರು. ಬಾಗಿದ ಬೆನ್ನು, ಮುಖ ಮುಚ್ಚಿದ ದೊಡ್ಡ ಕೈ. ಬಲವಾದ ಚಿತ್ರಗಳೇ, ಆದರೆ ಎರವಲು. ಯುದ್ಧ, ಬರ ಇವುಗಳ ದುಃಖ ಬೀದಿಗೆ ಬಿದ್ದ ದುಃಖ. ಅದನ್ನು ಬರೆಯುವವರು ಕೂಗಲೇಬೇಕು. ಇವಳ ಹೆಂಗಸರು ಕೂಗುವುದಿಲ್ಲ, ಸೀರಿಯಲ್ ಕತೆ ಹೇಳುತ್ತಾ ಅಡಿಕೆ ಸುಲಿಯುತ್ತಾರೆ. ತೋರಿಸಿದ ನನಗೆ ಈ ವ್ಯತ್ಯಾಸ ಹೊಳೆದದ್ದು ತಡವಾಗಿ.

ಜೂನ್‌ನಲ್ಲಿ ಒರೆಸುವ ದಾರಿ ಹಿಡಿದಳು. ಹಾಳೆ ತುಂಬಾ ಇದ್ದಿಲು ಬಳಿದು, ಕಣಕದ ಹಾಗೆ ಮೆತ್ತಗಿರುವ ರಬ್ಬರಿನಿಂದ ಬೆಳಕನ್ನು ಎತ್ತುವುದು. ಇದ್ದಿಲು ಎಷ್ಟು ಒರೆಸಿದರೂ ಪೂರ್ತಿ ಹೋಗುವುದಿಲ್ಲ, ಹಳೇ ಗೆರೆಯ ನೆರಳು ಉಳಿಯುತ್ತದೆ. ದಕ್ಷಿಣ ಆಫ್ರಿಕಾದ ವಿಲಿಯಂ ಕೆಂಟ್ರಿಜ್ ಒಂದೇ ಹಾಳೆಯಲ್ಲಿ ಬರೆದು, ಒರೆಸಿ, ಮತ್ತೆ ಬರೆದು ಚಲಿಸುವ ಚಿತ್ರಗಳನ್ನು ಮಾಡಿದ್ದು ಇದೇ ಗುಣದಿಂದ. ಕನ್ನಡದಲ್ಲಿ ಅಳುವ ಹಾಗೆ ಮಾಡುವುದೂ ಅಳಿಸುವುದೇ, ಒರೆಸಿ ಹಾಕುವುದೂ ಅಳಿಸುವುದೇ. ಅಕ್ಕ ಹೇಳಿದ್ದು ಮೊದಲನೆಯದು. ಅವಳ ತಲೆಯಲ್ಲಿ ಎರಡೂ ಸುತ್ತುತ್ತಿದ್ದವು ಅಂತ ಕಾಣುತ್ತದೆ. ಏಳನೇ ಚಿತ್ರವನ್ನೇ ಮತ್ತೆ ಹೊರಗೆ ತೆಗೆದಳು.

ಗಾಜಿನ ಹೆಂಚಿನ ಕೆಳಗೆ

ಪುಷ್ಯ ಮಳೆ ಹಿಡಿದಿತ್ತು. ಕರೆಂಟ್ ಇರಲಿಲ್ಲ. ಅಕ್ಕನ ಆ ಪೆನ್ಸಿಲ್ ಚಿತ್ರವನ್ನು ಪೂರ್ತಿ ಮುಚ್ಚಿಬಿಡಬೇಕು ಅಂತ ಅವಳು ಅದರ ಮೇಲೆ ಇದ್ದಿಲು ಬಳಿದಳು. ಕೋಪ ಇತ್ತು ಅಂತ ಅವಳೇ ಹೇಳುತ್ತಾಳೆ, ತನ್ನ ಮೇಲೆ. ಆದರೆ ಇದ್ದಿಲು ಕೂರಲಿಲ್ಲ. ಖಾಲಿ ಇದ್ದ ಜಾಗದಲ್ಲಿ ಚೆನ್ನಾಗಿ ಹಿಡಿಯಿತು. ಒತ್ತಿ ಒತ್ತಿ ಪೆನ್ಸಿಲ್ ಬರೆದಿದ್ದ ಕಡೆ ಜಾರಿ ಉದುರಿತು. ಅಂಗೈಯಲ್ಲಿ ತಿಕ್ಕಿದಳು. ಕೊನೆಗೆ ದೀಪದ ಬೆಳಕಿನಲ್ಲಿ ಹಾಳೆ ಪೂರ್ತಿ ಕಪ್ಪಾಗಿ ಕಂಡಿತು. ಗೋಡೆಗೆ ಒರಗಿಸಿ ಮಲಗಿದಳು.

ಮಾರನೇ ದಿನ ಹತ್ತೂವರೆ ಹನ್ನೊಂದರ ಹೊತ್ತಿಗೆ ಮಳೆ ಸ್ವಲ್ಪ ಹೊಳವಾಯಿತು. ಮಾಡಿನ ಗಾಜಿನ ಹೆಂಚಿನಿಂದ ಬೆಳಕು ಓರೆಯಾಗಿ ಆ ಹಾಳೆಯ ಮೇಲೆ ಬಿತ್ತು. ನೀರು ತರಲು ಒಳಗೆ ಹೋಗುತ್ತಿದ್ದವಳಿಗೆ ಬದಿಯಿಂದ ಅಕ್ಕನ ಮುಖ ಕಾಣಿಸಿತು. ನಿಂತು ನೇರ ನೋಡಿದರೆ ಏನೂ ಇಲ್ಲ, ಕಪ್ಪು. ಎರಡು ಹೆಜ್ಜೆ ಎಡಕ್ಕೆ ಸರಿದರೆ ಬೂದು ಬೆಳ್ಳಿಯ ಮುಖ. ಅವತ್ತೇ ನನಗೆ ಫೋನ್ ಮಾಡಿದಳು. "ಸರ್, ನೀವು ಬಂದು ನೋಡಬೇಕು, ಫೋಟೋದಲ್ಲಿ ಬರಲ್ಲ" ಅಂದಳು. ಆ ಮಳೆಯಲ್ಲಿ ಎರಡು ಬಸ್ ಬದಲಾಯಿಸಿ ಹೋದೆ. ಹೋದದ್ದಕ್ಕೆ ಪಶ್ಚಾತ್ತಾಪವಿಲ್ಲ.

ಕಾರಣ ಸರಳ. ಎರಡೂ ಇಂಗಾಲವೇ, ಜೋಡಣೆ ಬೇರೆ. ಗ್ರಾಫೈಟ್ ಇಸ್ಪೀಟು ಎಲೆಗಳ ಹಾಗೆ ತೆಳು ಪದರ ಪದರ. ಒತ್ತಿ ಬರೆದರೆ ಪದರಗಳು ಹಾಳೆಯ ಮೇಲೆ ಮಟ್ಟಸವಾಗಿ ಮಲಗಿ ಕನ್ನಡಿಯ ಕೆಲಸ ಮಾಡುತ್ತವೆ. ಇದ್ದಿಲು ಮರದ ಜೀವಕೋಶಗಳು ಸುಟ್ಟು ಉಳಿದ ತೂತು ತೂತಿನ ಪುಡಿ. ಬೆಳಕು ಒಳಗೆ ಹೊಕ್ಕರೆ ಹೊರಗೆ ಬರುವುದು ಕಡಿಮೆ. ಇನ್ನು ನುಣುಪಾದ ಗ್ರಾಫೈಟಿನ ಮೇಲೆ ಇದ್ದಿಲಿಗೆ ಕಚ್ಚಿಕೊಳ್ಳಲು ಹಿಡಿತವೇ ಸಿಗುವುದಿಲ್ಲ. ಇವೆರಡನ್ನು ಒಂದೇ ಹಾಳೆಯಲ್ಲಿ ಬಳಸಬೇಡಿ ಅಂತ ನಾನು ತರಗತಿಯಲ್ಲಿ ಹೇಳುತ್ತಿದ್ದದ್ದು ಇದಕ್ಕೇ. ಪೆನ್ಸಿಲ್ ಬಿಡು ಅಂದ ನನ್ನ ಸಲಹೆ ಅರ್ಧ ತಪ್ಪು ಅಂದೆನಲ್ಲ, ಬಿಡಬಾರದಿತ್ತು. ಅಡಿಗೆ ಹಾಕಬೇಕಿತ್ತು.

ಆಮೇಲೆ ಮೂರು ವಾರ ಬರೀ ಪ್ರಯೋಗ. ಅಂಟು ಸೇರಿಸಿ ಒತ್ತಿ ಮಾಡಿದ ಅಂಗಡಿಯ ಚಾರ್ಕೋಲ್ ಹಾಕಿದರೆ ಅದು ಗ್ರಾಫೈಟನ್ನೂ ಮುಚ್ಚಿಬಿಡುತ್ತಿತ್ತು, ಮುಖ ಸತ್ತಂತೆ. ಮನೆಯ ಲಕ್ಕಿ ಇದ್ದಿಲೇ ಸರಿಹೋಯಿತು. 4ಬಿ ಹೊಳಪು ಸಾಲದು, 8ಬಿ ಬೇಕು, ಅದನ್ನೂ ಚಮಚದ ಬೆನ್ನಿನಿಂದ ತಿಕ್ಕಿ ನುಣುಪು ಮಾಡಬೇಕು. ತೆಳು ಕಾರ್ಟ್ರಿಡ್ಜ್ ಹಾಳೆ ಈ ತಿಕ್ಕಾಟ ತಾಳಲಿಲ್ಲ. 300 ಜಿಎಸ್‌ಎಂನ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಟನ್ ಹಾಳೆಗೆ ಹೋದಳು. ಧೂಳು ಮೂಗಿಗೆ ಹೋಗದ ಹಾಗೆ ಮಾಸ್ಕ್ ಹಾಕು ಅಂತ ನಾನು ಹೇಳಿದ್ದು ಮಾತ್ರ ಈ ಇಡೀ ಅವಧಿಯಲ್ಲಿ ಸರಿಯಾದ ಮಾತು.

ಎಲ್ಲಕ್ಕಿಂತ ದೊಡ್ಡ ನಿರ್ಧಾರ ಬೇರೆ ಇತ್ತು. ಮೇಲೆ ಕಾಣುವುದು ಏನು, ಅಡಿಯಲ್ಲಿ ಇರುವುದು ಏನು? ಬರೀ ಕಪ್ಪು ಹಾಳೆ ಇಟ್ಟರೆ ಅದು ಮೋಡಿ ಆಟ ಆಗುತ್ತದೆ, ಒಮ್ಮೆ ನೋಡಿ ಬೆರಗಾಗಿ ಮರೆಯುವಂಥದ್ದು. ಅವಳಿಗೆ ತನ್ನ ಮೊದಲ ಮಾತು ಆಗ ನೆನಪಾಯಿತು, ನಿಂತುಬಿಡುವ ಕೈ. ಹೊಸ ಹಾಳೆಗಳಲ್ಲಿ ಎದುರಿಗೆ ಕಾಣುವುದು ಇದ್ದಿಲಿನಲ್ಲಿ ಬರೆದ ಕೈಗಳು, ಕರೆ ಹಿಡಿದ ಬೆರಳು, ಮೆಟ್ಟುಗತ್ತಿ, ಅರ್ಧ ಸುಲಿದ ಅಡಿಕೆ. ಅದರ ಮೇಲಿನ ಕತ್ತಲಲ್ಲಿ ಗ್ರಾಫೈಟಿನ ಮುಖ. ಆ ಮುಖದಲ್ಲಿ ಕಣ್ಣೀರಿಲ್ಲ, ಗಂಟು ಹುಬ್ಬಿಲ್ಲ. ಸುಮ್ಮನೆ ಇರುವ ಮುಖ.

ಮೂರನೇ ತಪ್ಪು ಸಲಹೆ ಈ ಹೊತ್ತಿಗೇ ಬಂತು. ಇದ್ದಿಲು ಉದುರುತ್ತದೆ, ಫಿಕ್ಸೇಟಿವ್ ಹೊಡೆ ಅಂದೆ, ಪುಡಿ ಉದುರದಂತೆ ಹಿಡಿದಿಡುವ ಅಂಟಿನ ಸ್ಪ್ರೇ ಅದು. ಮೊದಲ ಒಳ್ಳೆಯ ಹಾಳೆಗೇ ಹೊಡೆದಳು. ಆಗಸ್ಟ್ ತಿಂಗಳು, ಗಾಳಿಯಲ್ಲೇ ನೀರು. ಒಣಗುವಾಗ ಮೇಲೆ ಬಿಳಿ ಮಂಜಿನಂಥ ಪೊರೆ ಕಟ್ಟಿತು. ಅದಕ್ಕಿಂತ ಕೆಟ್ಟದ್ದು, ಅಂಟಿನ ಪದರ ಗ್ರಾಫೈಟಿನ ಹೊಳಪನ್ನೂ ಇದ್ದಿಲಿನ ಕಪ್ಪನ್ನೂ ಒಂದೇ ಮಟ್ಟಕ್ಕೆ ತಂದಿತ್ತು. ಯಾವ ಬದಿಗೆ ಹೋಗಿ ನಿಂತರೂ ಮುಖ ಇಲ್ಲ. ಇನ್ನು ಮುಂದೆ ಫಿಕ್ಸೇಟಿವ್ ಬೇಡವೇ ಬೇಡ ಅಂತ ಅವಳೇ ತೀರ್ಮಾನ ಮಾಡಿದಳು. ನಾನು ಬಾಯಿ ಮುಚ್ಚಿಕೊಂಡೆ.

ಮಳೆಗಾಲದ ಇನ್ನೊಂದು ಪೆಟ್ಟು ಬೂಷ್ಟು. ಹಾಳೆ ಗಾಳಿಯ ತೇವವನ್ನು ಹೀರುತ್ತದೆ, ಹಾಳೆಗೆ ಹಾಕಿರುವ ಅಂಟು ಬೂಷ್ಟಿಗೆ ಊಟ. ಮುಗಿದ ಮೂರು ಹಾಳೆಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಳು, ಬೆಚ್ಚಗಿರುತ್ತದೆ ಅಂತ. ತೇವ ಹೋಯಿತು, ಹೊಗೆ ಹಿಡಿದು ಹಳದಿಯಾಯಿತು. ಇನ್ನೆರಡನ್ನು ಪೇಪರಿನಲ್ಲಿ ಸುತ್ತಿ ಗೋಡೆಯ ಕಪಾಟಿನಲ್ಲಿಟ್ಟಿದ್ದಳು. ಸೆಪ್ಟೆಂಬರ್‌ನಲ್ಲಿ ತೆಗೆದಾಗ ಕಂದು ಚುಕ್ಕೆ. ಕೊನೆಗೆ ನಿಂತ ಉಪಾಯ ತಗಡಿನ ಟ್ರಂಕ್, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಟ್ರಂಕ್ ಗೋಡೆಗೆ ತಾಗದಂತೆ ನೆಲದಿಂದ ಎತ್ತರಕ್ಕೆ. ಪೊಟ್ಟಣವನ್ನು ಆಗಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಇಡುವುದು. ಹದಿನಾಲ್ಕು ಹಾಳೆಯಲ್ಲಿ ಆ ವರ್ಷ ಉಳಿದದ್ದು ಐದು.

"ಲೈಟ್ ಹಾಕಬೇಡ ಮತ್ತೆ"

ದಸರಾ ಕಳೆದು ಸುಲಿಯುವ ಕೆಲಸ ಶುರುವಾಯಿತು. ಅವಳು ಈ ಸಲ ಮೊಬೈಲ್ ಮನೆಯಲ್ಲಿಟ್ಟು ಹೋದಳು. ಅಕ್ಕನ ಪಕ್ಕ ಕೂತು ಎರಡು ರಾತ್ರಿ ಸುಮ್ಮನೆ ಅಡಿಕೆ ಸುಲಿದಳು. ಅಕ್ಕ ಹಳೆಯದನ್ನು ಎತ್ತಲಿಲ್ಲ. ಇವಳ ಬೆರಳು ನೋಡಿ, "ನಿಂಗೆ ಮೊದಲೇ ಕರೆ ಹಿಡಿದಿದೆಯಲ್ಲೇ" ಅಂದರು. ಇದ್ದಿಲು ಅಂತ ಇವಳು ಹೇಳಿದಳು. ಮೂರನೇ ದಿನ ಹಗಲು ಅಕ್ಕನನ್ನು ಮನೆಗೆ ಕರೆದಳು.

ಅಕ್ಕ ಎದುರಿಗೆ ನಿಂತು ನೋಡಿದರು. "ಇದು ನನ್ನ ಕೈ," ಅಂದರು, ನಗು ಬಂತು. "ಕತ್ತಿ ಹಿಡಿ ಸಡಿಲ ಇದೆ, ಅದನ್ನೂ ಬರೆದಿದ್ದೀಯ." ಆಮೇಲೆ ಇವಳು ಏನೂ ಹೇಳದೆ ಅವರನ್ನು ಬದಿಗೆ ಕರೆದುಕೊಂಡು ಹೋದಳು. ಮುಖ ಕಂಡಿತು. ಅಕ್ಕ ಹಿಂದಕ್ಕೆ ಬಂದರು, ಹೋಯಿತು. ಮತ್ತೆ ಬದಿಗೆ ಹೋದರು. ಹೀಗೆ ನಾಲ್ಕೈದು ಸಲ. ಕೊನೆಗೆ ಚಾ ಕುಡಿಯುತ್ತಾ ಹೇಳಿದ್ದು ಇಷ್ಟೇ: "ಎಲ್ಲರಿಗೂ ತೋರಿಸುವಾಗ ಲೈಟ್ ಹಾಕಬೇಡ ಮತ್ತೆ."

ಒಪ್ಪಿಗೆ ಅಂದರೆ ಅದೇ. ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರೂ ಇದಕ್ಕಿಂತ ಸ್ಪಷ್ಟವಾಗಿ ಇರುತ್ತಿರಲಿಲ್ಲ. ಎಲ್ಲಿಯ ತನಕ ಸರಿ, ಎಲ್ಲಿಂದ ಬೇಡ ಅನ್ನುವುದು ಆ ಒಂದು ಮಾತಿನಲ್ಲಿತ್ತು. ಇನ್ನೂ ನಾಲ್ವರನ್ನು ಹೀಗೇ ಮನೆಗೆ ಕರೆದು ತೋರಿಸಿ ಕೇಳಿದಳು. ಇಬ್ಬರು ಒಪ್ಪಿದರು. ಇಬ್ಬರು ಬೇಡ ಅಂದರು. ಬೇಡ ಅಂದವರಲ್ಲಿ ಒಬ್ಬರ ಹಾಳೆ ಇಡೀ ಸರಣಿಯಲ್ಲೇ ಚೆನ್ನಾಗಿತ್ತು, ನನ್ನ ಮಟ್ಟಿಗೆ. ಅದನ್ನು ಅವರ ಎದುರೇ ಒಲೆಗೆ ಹಾಕಿದಳು. ಈ ಸಲ ನಾನು ತಡೆಯಲಿಲ್ಲ, ಹೊಟ್ಟೆ ಉರಿದದ್ದು ನಿಜ.

ಚಳಿಗಾಲದಲ್ಲಿ ಇನ್ನೂ ನಾಲ್ಕು ಹಾಳೆ ಬಂದವು. ಒಣ ಹವೆ, ಏನೂ ಕೆಡಲಿಲ್ಲ. ಪ್ರದರ್ಶನ ಎಲ್ಲಿ ಅನ್ನುವುದು ಪ್ರಶ್ನೆಯಾಯಿತು. ಒಬ್ಬ ಆಯೋಜಕರು ಶಿವಮೊಗ್ಗದಲ್ಲಿ ಒಳ್ಳೆಯ ಜಾಗ ಕೊಡಲು ಮುಂದೆ ಬಂದರು. ಚಾವಣಿಗೆ ಸಾಲು ಸ್ಪಾಟ್‌ಲೈಟ್, ಕಿಟಕಿ ಇಲ್ಲ. ದೀಪ ಆರಿಸಿ ಅಂದರೆ ಅವರಿಗೆ ಅರ್ಥವಾಗಲಿಲ್ಲ. "ಕತ್ತಲಲ್ಲಿ ಚಿತ್ರ ಯಾರು ನೋಡ್ತಾರೆ ಮೇಡಂ?" ಅಂದರು. ಅವಳು ಬೇಡ ಅಂದುಬಿಟ್ಟಳು. ತನ್ನೂರಿನ ಹತ್ತಿರವೇ ಒಂದು ಹಳೇ ಮನೆಯ ಉದ್ದನೆ ಜಗಲಿ ಸಿಕ್ಕಿತು. ಒಂದು ಬದಿಗೆ ಮಾತ್ರ ಕಿಟಕಿ. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕು, ಅಷ್ಟೇ ಹೊತ್ತು.

ಫ್ರೇಮಿನದ್ದು ಬೇರೆ ಕತೆ. ಹಗುರ ಅಂತ ಮೊದಲು ಅಕ್ರಿಲಿಕ್ ಶೀಟ್ ಹಾಕಿಸಿದಳು. ಒರೆಸಿದ್ದೇ ತಡ, ಅದರಲ್ಲಿ ವಿದ್ಯುತ್ ಹುಟ್ಟಿ ಹಾಳೆಯ ಇದ್ದಿಲು ಹಾರಿ ಶೀಟಿನ ಒಳಮೈಗೆ ಅಂಟಿತು. ಗಾಜಿಗೆ ಬದಲಾಯಿಸಿ, ಗಾಜು ಹಾಳೆಗೆ ತಾಗದಂತೆ ನಡುವೆ ಪಟ್ಟಿ ಕೊಡಿಸಿದಳು. ಇದ್ದಿಲು ಉಳಿಯಿತು, ಆದರೆ ಗ್ರಾಫೈಟ್ ಮಿನುಗುವ ಕೋನದಲ್ಲೇ ಗಾಜೂ ಮಿನುಗುತ್ತದೆ. ಅಕ್ಕನ ಮುಖ ಇರಬೇಕಾದ ಕಡೆ ಕಿಟಕಿ ಕಂಡಿತು. ಕೊನೆಗೆ ಗಾಜಿಲ್ಲದೆ, ಬರೀ ಹಾಳೆ ತೂಗುಹಾಕಿ, ಎದುರಿಗೆ ಒಂದು ಹಗ್ಗ ಕಟ್ಟಿದಳು. ಗಾಜು ಸಾಗಿಸುವುದಕ್ಕೆ ಮತ್ತು ಕೊಂಡವರಿಗೆ ಮಾತ್ರ.

ಪ್ರದರ್ಶನ ನಾಲ್ಕು ದಿನ ನಡೆಯಿತು. ಬಂದ ದೊಡ್ಡವರಲ್ಲಿ ಜಾಸ್ತಿ ಜನ ಎದುರಿಗೆ ನಿಂತು, ಕೈ ಚೆನ್ನಾಗಿದೆ, ಮೇಲೆ ಯಾಕೆ ಬರೀ ಕಪ್ಪು ಬಿಟ್ಟಿದ್ದೀರಿ ಅಂತ ಕೇಳಿ ಹೋದರು. ಅವಳು ವಿವರಿಸಲಿಲ್ಲ. ಗೋಡೆಗೆ ಬರಹ ಅಂಟಿಸೋಣ ಅಂತ ನಾನು ಬಾಯಿ ತೆರೆದಿದ್ದೆ, ಅವಳ ಮುಖ ನೋಡಿ ಮುಚ್ಚಿದೆ. ಮೊದಲು ಕಂಡುಹಿಡಿದದ್ದು ಮಕ್ಕಳು. ಜಗಲಿಯ ಉದ್ದಕ್ಕೂ ಓಡುತ್ತಿದ್ದ ಒಬ್ಬ ಹುಡುಗ ಗಕ್ಕನೆ ನಿಂತು, "ಅಜ್ಜಿ ಇದಾಳೆ ಒಳಗೆ!" ಅಂತ ಕೂಗಿದ. ಆಮೇಲೆ ಜನ ಹಿಂದೆ ಮುಂದೆ ನಡೆಯತೊಡಗಿದರು. ಮುಖ ಕಂಡವರು ಯಾಕೋ ದನಿ ತಗ್ಗಿಸುತ್ತಿದ್ದರು. ಸೆಲ್ಫಿ ಒಂದೂ ಆಗಲಿಲ್ಲ, ಆಗುವುದೂ ಇಲ್ಲ. ಮೊಬೈಲಿನಲ್ಲಿ ಎದುರಿನಿಂದ ತೆಗೆದರೆ ಕಪ್ಪು, ಬದಿಯಿಂದ ತೆಗೆದರೆ ಸೊಟ್ಟ. ಯಾರೋ ಹಗ್ಗ ದಾಟಿ ಒಂದು ಹಾಳೆ ಮುಟ್ಟಿದರು, ಬೆರಳ ಗುರುತು ಉಳಿಯಿತು. ಅದನ್ನು ಅವಳು ಸರಿಮಾಡಲಿಲ್ಲ.

ದುಡ್ಡಿನ ಲೆಕ್ಕ ಹೇಳದಿದ್ದರೆ ಪ್ರಕರಣ ಪೂರ್ತಿಯಾಗುವುದಿಲ್ಲ. ಮಾರಾಟವಾದದ್ದು ಎರಡು. ಕಾಟನ್ ಹಾಳೆ, ಎರಡು ಸಲದ ಫ್ರೇಮು, ಸಾಗಣೆ ಕಳೆದರೆ ಕೈಗೆ ಬಂದದ್ದು ಏನೂ ಇಲ್ಲ ಅನ್ನುವಷ್ಟು. ಆ ವರ್ಷ ಅವಳು ಬಿಟ್ಟುಕೊಟ್ಟ ಆರ್ಡರ್‌ಗಳದ್ದು ಬೇರೆ ನಷ್ಟ. ಫೋಟೋದಲ್ಲಿ ಬಾರದ ಚಿತ್ರವನ್ನು ಆನ್‌ಲೈನಿನಲ್ಲಿ ಮಾರುವ ದಾರಿಯೂ ಇಲ್ಲ. ಈಗ ಮತ್ತೆ ಆಧಾರ್ ಫೋಟೋದ ಅಪ್ಪಂದಿರನ್ನು ಬರೆಯುತ್ತಿದ್ದಾಳೆ, ತಿಂಗಳಿಗೆ ಇಷ್ಟು ಅಂತ ಮಿತಿ ಹಾಕಿಕೊಂಡು. ಇದನ್ನು ಸೋಲು ಅನ್ನಲಾರೆ. ಗೆಲುವು ಅಂತ ಹೇಳಿ ಬೇರೆ ಹುಡುಗರನ್ನು ಈ ದಾರಿಗೆ ತಳ್ಳಲೂ ಆರೆ.

ನನ್ನ ಕಲಿಸುವ ರೀತಿಯಲ್ಲಿ ಬದಲಾದದ್ದು ಎರಡು. ಮನೆಗೆ ಕಲಿಯಲು ಬರುವವರಿಗೆ ಗ್ರಾಫೈಟಿನ ಹೊಳಪನ್ನು ದೋಷ ಅಂತ ಹೇಳುವುದು ಬಿಟ್ಟೆ. ಅದು ಎಲ್ಲಿಂದ ಕಾಣುತ್ತೆ, ಎಲ್ಲಿಂದ ಕಾಣಲ್ಲ ಅಂತ ನೋಡಿ ಬಾ ಅನ್ನುತ್ತೇನೆ. ಇನ್ನೊಂದು, ಯಾರಾದರೂ ಮುಖ ಬರೆದು ತಂದರೆ ಗೆರೆ ನೋಡುವ ಮೊದಲು, ಇವರಿಗೆ ತೋರಿಸಿದ್ದೀಯಾ ಅಂತ ಕೇಳುತ್ತೇನೆ. ಹುಡುಗರಿಗೆ ಸ್ವಲ್ಪ ಕಿರಿಕಿರಿ. ಇರಲಿ.

ಅಕ್ಕ ಪ್ರದರ್ಶನದ ಕೊನೆಯ ದಿನ ಮೂರೂವರೆಗೆ ಬಂದಿದ್ದರು, ನೆಂಟರ ಜೊತೆ. ಚಿತ್ರದ ಎದುರು ನಿಂತು ನೆಂಟರಿಗೆ ಕತ್ತಿ ಹಿಡಿಯ ಬಗ್ಗೆ ಮಾತ್ರ ಹೇಳಿದರು. ಬದಿಗೆ ಹೋಗಲಿಲ್ಲ, ನೆಂಟರನ್ನೂ ಹೋಗಗೊಡಲಿಲ್ಲ. ಚಿತ್ರ ಮಾರಬೇಡ ಅಂತ ಅವರೇನೂ ಹೇಳಿರಲಿಲ್ಲ, ಆದರೂ ಇವಳು ಮಾರಾಟಕ್ಕೆ ಇಟ್ಟಿರಲಿಲ್ಲ. ಮುಗಿದ ಮೇಲೆ ಕೊಂಡುಹೋಗಿ ಕೊಟ್ಟಳು. ಗೋಡೆಗೆ ಹಾಕಿಲ್ಲವಂತೆ. ಹಳೇ ಸೀರೆಯಲ್ಲಿ ಸುತ್ತಿ ಅಟ್ಟದ ಟ್ರಂಕಿನಲ್ಲಿ ಇಟ್ಟಿದ್ದಾರೆ. ಆರಿದ್ರಾ ಮಳೆ ಹಿಡಿಯುವ ಮೊದಲು ಇವಳು ಹೋಗಿ ಸಿಲಿಕಾ ಪೊಟ್ಟಣ ಬದಲಾಯಿಸಿ ಬರುತ್ತಾಳೆ.